ತಲ್ಲೂರಿನ ಒದ್ದೆ ಕಂಪ್ಯೂಟರ್

ಸೋಮವಾರ ಬೆಳಿಗ್ಗೆ ಹತ್ತು ಗಂಟೆ. ಎ.ಎಸ್.ಐ. ಚಂದಯ್ಯ ತಲ್ಲೂರಿನ ವಿಡಿಯೋ ಸ್ಟುಡಿಯೋದ ಮೆಟ್ಟಿಲು ಹತ್ತಿದರು. ಜೇಬಿನಲ್ಲಿ ಹೊಸ ಪೆನ್‌ಡ್ರೈವ್ ಇತ್ತು. ಒಂದೇ ಒಂದು ವಿಡಿಯೋ ತುಂಬಿಸಿಕೊಂಡು ಹೋಗಬೇಕು. ಹತ್ತು ನಿಮಿಷದ ಕೆಲಸ.

ಬಾಗಿಲಲ್ಲೇ ಸುಟ್ಟ ವಾಸನೆ ಮೂಗಿಗೆ ಬಡಿಯಿತು.

ಒಳಗಿನ ಎಡಿಟಿಂಗ್ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಗೆಲ್ಲ ಥರ್ಮೊಕೋಲ್ ಬಡಿದಿದ್ದರು. ಏಪ್ರಿಲ್ ತಿಂಗಳ ಸೆಖೆ ಹೊರಗೆ ಹೋಗಲು ದಾರಿ ಸಿಗದೆ ಅಲ್ಲೇ ಬೇಯುತ್ತಿತ್ತು. ಸ್ಟುಡಿಯೋದ ಮಾಲೀಕ ಯತೀಶ್ ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತಿದ್ದ. ಎದುರಿಗೆ ಕಂಪ್ಯೂಟರಿನ ಕಪ್ಪು ಪೆಟ್ಟಿಗೆ. ಅದರ ಬುಡದ ಕಾರ್ಪೆಟ್ ಒದ್ದೆಯಾಗಿತ್ತು.

“ಹೋಯ್ತ್ ಸರ್. ಎಲ್ಲಾ ಹೋಯ್ತ್.”

“ಎಂತ ಹೋಯ್ತ್?”

“ಮೆಷಿನ್ ಸುಟ್ಟ್ ಹೋಯ್ತ್. ಒಳ್ಗಿನ ನೀರಿನ ಕೂಲರ್ ಲೀಕ್ ಆಯಿತ್ತ್.”

“ಕಂಪ್ಯೂಟರಿನೊಳ್ಗೆ ನೀರ್ ಎಂತಕ್ಕೆ?”

“ತಂಪ್ ಮಾಡುಕೆ ಸರ್. ಫ್ಯಾನಿನ ಗಾಳಿ ಬದ್ಲ್ ಪೈಪಲ್ಲಿ ನೀರ್ ಸುತ್ತಿಸುದ್.”

“ಬೋಟಿನ ಇಂಜಿನ್ನಿಗೆ ಮಾಡಿದ್ ಹಾಂಗೆ,” ಎಂದರು ಚಂದಯ್ಯ. ಅವರು ಮರವಂತೆಯ ಮೀನುಗಾರರ ಮನೆಯವರು. ಕಂಪ್ಯೂಟರ್ ಗೊತ್ತಿರಲಿಲ್ಲ. ಇಂಜಿನ್ ಗೊತ್ತಿತ್ತು.

ಬಾಗಿಲ ಬಳಿ ಪಾಂಡು ನಿಂತಿದ್ದ. ಹಂಗಾರಕಟ್ಟೆ ಬಂದರಿನವನು. ಮದುವೆ ಶೂಟಿಂಗಿನಲ್ಲಿ ಲೈಟ್ ಹಿಡಿಯುವ ಕೆಲಸ, ಸೇರಿ ನಾಲ್ಕು ತಿಂಗಳು. ಅವನ ಹಿಂದೆ ಎಡಿಟರ್ ನವ್ಯಶ್ರೀ. ಬಾರ್ಕೂರಿನಿಂದ ಆಗಷ್ಟೇ ಬಂದು, ಬ್ಯಾಗನ್ನೂ ಇಳಿಸದೆ ನಿಂತಿದ್ದಳು.

ಚಂದಯ್ಯ ಪೆನ್‌ಡ್ರೈವನ್ನು ಜೇಬಿನೊಳಗೇ ಮುಟ್ಟಿ ನೋಡಿಕೊಂಡರು. ಠಾಣೆಯ ಬೆಂಚಿನ ಮೇಲೆ ಜಲಜ ಕಾದು ಕೂತಿದ್ದಾಳೆ. ಅವಳಿಗೆ ಏನು ಹೇಳುವುದು?

ಹನ್ನೆರಡು ದಿನಗಳ ಹಿಂದೆ ಕೋಡಿಯ ಅಳಿವೆಯಲ್ಲಿ ಟ್ರಾಲ್ ಬೋಟೊಂದು ಜಲಜಳ ಗಂಡ ಕಿಟ್ಟನ ದೋಣಿಗೆ ಗುದ್ದಿತ್ತು. ಕಿಟ್ಟ ಉಳಿಯಲಿಲ್ಲ. ಬೋಟು ನಡೆಸುವ ತಾಂಡೇಲ ಮಹಾಬಲ ಠಾಣೆಗೆ ಬಂದು, ಚುಕ್ಕಾಣಿ ಹಿಡಿದವನು ತಾನೇ, ದೋಣಿ ಅಡ್ಡ ಬಂತು ಎಂದು ಬರೆಸಿದ್ದ. ಬೋಟಿನ ಮಾಲೀಕ ರಾಜೀವ, ಆ ದಿನ ತಾನು ಬೋಟನ್ನೇ ಹತ್ತಿರಲಿಲ್ಲ ಎಂದಿದ್ದ. ಕಂಡವರು ಯಾರೂ ಇರಲಿಲ್ಲ.

ಶನಿವಾರ ಯತೀಶ್ ಠಾಣೆಗೆ ಫೋನ್ ಮಾಡಿದ್ದ. ದೋಣಿಗೆ ಗುದ್ದಿದ ಸಂಜೆಯೇ ಅವನು ಕೋಡಿ ಕಡಲತೀರದಲ್ಲಿ ಒಂದು ಜೋಡಿಯ ಮದುವೆ ವಿಡಿಯೋಕ್ಕಾಗಿ ಡ್ರೋನ್ ಹಾರಿಸಿದ್ದ. ಚಿತ್ರದ ಮೂಲೆಯಲ್ಲಿ ಬೋಟು, ದೋಣಿ ಎರಡೂ ಬಿದ್ದಿದ್ದು ಎಡಿಟ್ ಮಾಡುವಾಗಷ್ಟೇ ಕಂಡಿತ್ತು. ಡ್ರೋನಿನ ಕಾರ್ಡನ್ನು ಭಾನುವಾರದ ಬೈಂದೂರು ಮದುವೆಗೆಂದು ಆಗಲೇ ಅಳಿಸಿಯಾಗಿತ್ತು. ಉಳಿದದ್ದು ಈ ಪೆಟ್ಟಿಗೆಯೊಳಗಿನ ಒಂದೇ ಪ್ರತಿ.

“ಶನಿವಾರ ಫೋನ್ ಮಾಡುವಾಗ ಇಲ್ಲಿ ಯಾರ್ ಇದ್ದಿರ್?” ಎಂದು ಕೇಳಿದರು ಚಂದಯ್ಯ.

“ನಾವ್ ಮೂರೇ ಜನ ಸರ್.”

“ಬೀಗದ ಕೈ?”

“ನನ್ನತ್ರ ಒಂದ್, ನವ್ಯಶ್ರೀ ಹತ್ರ ಒಂದ್. ಮತ್ತೊಂದ್ ಮೀಟರ್ ಬೋರ್ಡಿನ ಹಿಂದೆ ಇಪ್ಪುದ್. ಅದೂ ಮೂರ್ ಜನಕ್ಕೇ ಗೊತ್ತ್.”

ಚಂದಯ್ಯ ಮೇಲೆ ನೋಡಿದರು. ಚಾವಣಿಯಲ್ಲಿ ನೀರಿನ ಕಲೆಯಿಲ್ಲ. ಎ.ಸಿ.ಯ ಪೈಪು ಎದುರು ಗೋಡೆಯಲ್ಲಿತ್ತು. ಅದೂ ಒಣಗಿತ್ತು.

“ಮೆಷಿನ್ ಕಟ್ಟಿದವ್ರನ್ನ ಕರೀರಿ. ಅಲ್ಲಿವರೆಗೆ ಯಾರೂ ಮುಟ್ಟುದ್ ಬೇಡ.”

*

ಅಕ್ಷಯಾ ಅರ್ಧ ಗಂಟೆಯಲ್ಲಿ ಸ್ಕೂಟರಿನಲ್ಲಿ ಬಂದಳು. ಕುಂದಾಪುರದಲ್ಲಿ ಅವಳದು ಚಿಕ್ಕ ಅಂಗಡಿ. ಗಿರಾಕಿಗೆ ಬೇಕಾದ ಹಾಗೆ ಕಂಪ್ಯೂಟರ್ ಜೋಡಿಸಿ ಕೊಡುತ್ತಾಳೆ.

ಯತೀಶ್ ಅವಳನ್ನು ಒಳಗೆ ಬರಲೂ ಬಿಡಲಿಲ್ಲ. “ಎಂತ ಕೆಲ್ಸ ಮಾಡಿ ಇಟ್ಟಿದ್ದೆ ನೀನ್? ಮೂರ್ ಮದ್ವೆ ವಿಡಿಯೋ ಇತ್ತ್ ಅದ್ರಲ್ಲಿ!”

“ಮುಚ್ಚಳ ತೆಗ್ದ್ ಕಾಂಬ ಯತೀಶಣ್ಣ. ಕಾಣ್ದೇ ಹ್ಯಾಂಗ್ ಹೇಳುದ್?”

ಚಂದಯ್ಯ ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದರು. ಅಕ್ಷಯಾ ನಾಲ್ಕು ಸ್ಕ್ರೂ ಬಿಚ್ಚಿ ಪಕ್ಕದ ತಗಡು ಸರಿಸಿದಳು. ಟಾರ್ಚ್ ಹಿಡಿದಳು. ಬೆಳಕನ್ನು ಮೂಲೆ ಮೂಲೆಗೂ ಆಡಿಸಿದಳು.

“ಎಲ್ಲಿ ಲೀಕ್ ಆಯ್ತ್?”

“ಸರ್, ಇದ್ರಲ್ಲಿ ಲೀಕ್ ಆಪುಕೆ ನೀರೇ ಇಲ್ಲೆ. ಇದ್ ಗಾಳಿ ಕೂಲರ್. ಕಾಣಿ.”

ಅವಳು ತೋರಿಸಿದ ಕಡೆ ಅಲ್ಯೂಮಿನಿಯಂ ಹಾಳೆಗಳನ್ನು ಒತ್ತೊತ್ತಾಗಿ ಜೋಡಿಸಿದ ಒಂದು ಗೋಪುರ, ಅದಕ್ಕೊಂದು ಫ್ಯಾನು. ಪೈಪಿಲ್ಲ, ಪಂಪಿಲ್ಲ. ಪೆಟ್ಟಿಗೆಯ ನೆತ್ತಿಯ ಜಾಲರಿಯಿಂದ ನೀರು ಇಳಿದು ಬಂದ ಗುರುತು ಮಾತ್ರ ಸ್ಪಷ್ಟವಾಗಿತ್ತು. ಜಾಲರಿಯ ಮೇಲೂ ಹಾಳೆಗಳ ಅಂಚಿನಲ್ಲೂ ಬಿಳಿ ಪುಡಿ ಕಟ್ಟಿತ್ತು.

ಚಂದಯ್ಯ ಬೆರಳಿನಿಂದ ಒರೆಸಿ ನಾಲಿಗೆಗೆ ತಾಗಿಸಿದರು. ಉಪ್ಪು. ಬರಿಯ ಉಪ್ಪಲ್ಲ, ಜೊತೆಗೆ ಕಹಿ. ಕಡಲಿನದು.

“ಮತ್ತೆ ನೀರಿನ ಕೂಲರ್ ಅಂಬ್ರಲ್ಲ ಅವ್ರ್?”

“ಜನವರಿಯಲ್ಲಿ ಯತೀಶಣ್ಣ ಅಂಗಡಿಗೆ ಬಂದಿದ್ರ್. ನೀರಿನದ್ದೇ ಬೇಕ್ ಅಂತ ಹಟ. ಆರ್ ಗಂಟೆ ಒಂದೇ ಸಮ ಮೆಷಿನ್ ಓಡ್ತ್, ಬಿಸಿ ಆಪುಕಾಗ ಅಂತ. ನಾನ್ ಹೇಳ್ದೆ, ನೀರಿನದ್ದ್ ತಂಪ್ ಹೌದ್, ಸದ್ದೂ ಕಡ್ಮಿ. ಆದ್ರೆ ಪಂಪ್ ನಿಂತ್ರೆ ಇಲ್ಲಿ ರಿಪೇರಿ ಇಲ್ಲೆ, ಬೆಂಗ್ಳೂರಿಗೆ ಕಳ್ಸಿ ತಿಂಗ್ಳ್ ಕಾಯ್ಕ್. ಗಾಳಿಯದ್ದ್ ಆದ್ರೆ ಫ್ಯಾನ್ ಒಂದೇ ಹಾಳಾಪುದ್, ನಾನೇ ಬದ್ಲ್ ಮಾಡಿ ಕೊಡ್ತೆ. ನೀರ್ ಒಮ್ಮೆ ಲೀಕ್ ಆಯ್ತ್ ಅಂದ್ರೆ ಒಳ್ಗಿದ್ದದ್ದ್ ಎಲ್ಲಾ ಹೋಯ್ತ್ ಅಂತ.”

“ಅವತ್ತ್ ಜೊತೆಗ್ ಯಾರಿದ್ರ್?”

“ಪಾಂಡು ಇದ್ದ. ಕೇಂತಾ ನಿಂತಿದ್ದ. ನೀರಿನದ್ದೇ ಹಾಕ್ ಅಂದ್ ಇಬ್ರೂ ಹೋದ್ರ್. ಮಾರ್ನೆ ದಿನ ಯತೀಶಣ್ಣ ಫೋನ್ ಮಾಡಿ, ನಂಗ್ ಹೆದ್ರಿಕೆ ಆತ್, ನಿನ್ ಮನೆ ಮೆಷಿನ್ ಆದ್ರೆ ಯಾವ್ದ್ ಹಾಕ್ತಿದ್ದೆಯೋ ಅದನ್ನೇ ಹಾಕ್ ಅಂದ್ರ್. ನಾನ್ ಗಾಳಿಯದ್ದ್ ಹಾಕ್ದೆ. ಬಿಲ್ಲಲ್ಲೂ ಬರ್ದಿದ್ದೆ, ಅವ್ರ್ ಓದಿರ್ಲಿಕ್ಕಿಲ್ಲೆ. ತಂದ್ ಇಡುವಾಗ ನವ್ಯಶ್ರೀ ಒಬ್ಳೇ ಇದ್ದದ್ದ್. ಅವ್ಳಿಗೆ ಮುಚ್ಚಳ ತೆಗ್ದೇ ತೋರ್ಸಿದ್ದೆ, ಎರಡ್ ತಿಂಗ್ಳಿಗೊಮ್ಮೆ ಧೂಳ್ ತೆಗಿಕ್ ಅಂತ.”

ಅವಳು ಬಗ್ಗಿ ಪೆಟ್ಟಿಗೆಯ ಮುಂಭಾಗದ ಕೆಳಮೂಲೆಗೆ ಕೈ ಹಾಕಿದಳು. ಬೆರಳು ಒಣಗಿಯೇ ಹೊರಗೆ ಬಂತು.

“ಬೋರ್ಡ್ ಸತ್ತಿತ್ತ್. ಹಾರ್ಡ್ ಡಿಸ್ಕಿಗೆ ನೀರ್ ಮುಟ್ಲಿಲ್ಲೆ ಸರ್. ಬೇರೆ ಮೆಷಿನಿಗೆ ಹಾಕಿ ಕಾಣ್ಕ್.”

“ಪೆಟ್ಟಿಗೆಯನ್ನೇ ತಕಂಡ್ ಹೋಯ್ನಿ. ಕಾನ್‌ಸ್ಟೇಬಲ್ ಒಬ್ಬ ಜೊತೆಗೆ ಬತ್ತ. ಮತ್ತೆ, ಗಾಳಿ ಕೂಲರ್ ಅಂತ ಸಂಜೆವರೆಗೆ ಯಾರಿಗೂ ಹೇಳ್ಕಾಗ. ಬೈದ್ರೂ ಸುಮ್ನಿರಿ.”

“ಸರ್, ನನ್ನ ಅಂಗಡಿ ಹೆಸ್ರ್...”

“ಸಂಜೆವರೆಗೆ.”

ಬಾಗಿಲು ತೆರೆದ ಕೂಡಲೇ ಯತೀಶ್ ಮೈಮೇಲೆ ಬಂದ. “ಒಪ್ಕಂಡ್ಯಾ? ಇನ್ನ್ ಈ ಊರಲ್ಲಿ ನಿನ್ನತ್ರ ಯಾರ್ ಮೆಷಿನ್ ಕಟ್ಟಿಸ್ತ್ರ್ ಕಾಂತೆ!” ಅಕ್ಷಯಾಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಚಂದಯ್ಯ ಗೋಡೆ ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ ಮೆಟ್ಟಿಲು ಇಳಿದಳು. ಮಧ್ಯಾಹ್ನದೊಳಗೆ ಮೂವರು ಗಿರಾಕಿಗಳು ಫೋನ್ ಮಾಡಿ, ನಮ್ಮ ಮೆಷಿನಿಗೂ ನೀರಿನದ್ದೇ ಹಾಕಿದ್ದೀಯಾ ಎಂದು ಕೇಳಿದರು. ಅವಳು ಹಲ್ಲು ಕಚ್ಚಿಕೊಂಡು, ಆಮೇಲೆ ಹೇಳುತ್ತೇನೆ ಎಂದಳು.

*

ಸ್ಟುಡಿಯೋದ ಕೆಳಗೆ ಪುಷ್ಪ ಎಂಬವರ ಹೊಲಿಗೆ ಅಂಗಡಿ. ಚಂದಯ್ಯ ಅಲ್ಲಿ ಸ್ಟೂಲಿನ ಮೇಲೆ ಕೂತರು.

“ನಿನ್ನೆ ಆದಿತ್ಯವಾರ. ನೀವ್ ಅಂಗಡಿ ತೆಗ್ದಿರ್ಲಿಲ್ಲೆ ಅಲ್ದಾ?”

“ತೆಗ್ದಿದ್ದೆ ಸರ್, ಮದ್ವೆ ರವಿಕೆ ಕೊಡುಕಿತ್ತ್. ಬೆಳಿಗ್ಗೆ ಎಂಟೂವರೆ ಹೊತ್ತಿಗೆ ಮೇಲಿನ ಆ ಯು.ಪಿ.ಎಸ್. ಕೂಗುಕೆ ಶುರು ಮಾಡ್ತ್. ಕರೆಂಟ್ ಹೋಯ್ತಾ ಅಂತ ಕಂಡ್ರೆ ನನ್ನ ಫ್ಯಾನ್ ತಿರುಗ್ತಾ ಇತ್ತ್.”

“ಯಾರಾರೂ ಇಳ್ದ್ ಹೋದ್ರಾ?”

“ಮೆಟ್ಲ್ ಆಚೆ ಬದಿಗಲ್ದಾ. ಕಾಂತಿಲ್ಲೆ.”

ಭಾನುವಾರ ಎಂಟೂವರೆ. ಓಡುತ್ತಲೇ ಬಿಟ್ಟು ಹೋಗಿದ್ದ ಮೆಷಿನಿಗೆ ನೀರು ಬಿದ್ದು ಮೇಲಿನ ಫ್ಯೂಸ್ ಹಾರಿದ ಹೊತ್ತು ಅದು.

ಯತೀಶ್ ಬೆಳಿಗ್ಗೆ ಆರಕ್ಕೇ ಬೈಂದೂರಿನ ಮದುವೆ ಹಾಲಿನಲ್ಲಿದ್ದ. ಅವನು ತೆಗೆದ ಪ್ರತಿ ಫೋಟೋದಲ್ಲೂ ಸಮಯವಿತ್ತು. ಪಾಂಡು ಅಲ್ಲಿಗೆ ತಲುಪಿದ್ದು ಹನ್ನೊಂದಕ್ಕೆ. ಅಮ್ಮನಿಗೆ ಹುಷಾರಿಲ್ಲ, ಬಸ್ಸು ತಪ್ಪಿತು ಎಂದಿದ್ದ. ನವ್ಯಶ್ರೀ ಬಾರ್ಕೂರಿನ ಮನೆಯಲ್ಲಿ ಒಬ್ಬಳೇ ಇದ್ದಳು. ಸಾಕ್ಷಿ ಯಾರೂ ಇಲ್ಲ.

“ನನ್ನ ಮೇಲೆ ಸಂಶಯವಾ ಸರ್?” ಸ್ಟುಡಿಯೋದಲ್ಲಿ ನವ್ಯಶ್ರೀ ತನ್ನ ಬೀಗದ ಕೈ ತೆಗೆದು ಮುಂದೆ ಹಿಡಿದಳು. “ಕೈಲಿ ಕೀ ಇಪ್ಪುದ್ ನಂಗೇ ಅಲ್ದಾ.”

“ಒಂದ್ ಪ್ರಶ್ನೆ. ಲೀಕ್ ಆಯ್ತ್ ಅಂತ ಅವ್ರ್ ಹೇಳುವಾಗ ನೀವ್ ಎಂತಕ್ಕೆ ಸುಮ್ನಿದ್ರಿ?”

ನವ್ಯಶ್ರೀ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. “ನಂಗೂ ತಲಿಬಿಸಿ ಆಯ್ತ್ ಸರ್. ಅದ್ರಲ್ಲಿ ನೀರಿಲ್ಲೆ ಅಂತ ನಂಗ್ ಗೊತ್ತಿತ್ತ್. ಕಟ್ಟಿದವ್ಳೇ ಬಂದ್ ಹೇಳ್ಲಿ ಅಂತ ಕಾದೆ, ಅವ್ಳ್ ಬಂದದ್ದೇ ನೀವ್ ಎಲ್ರನ್ನೂ ಹೊರಗ್ ಹಾಕ್ದ್ರಿ.”

ಚಂದಯ್ಯ ಹೊರಗೆ ಬಂದು ಯತೀಶನನ್ನು ಪಕ್ಕಕ್ಕೆ ಕರೆದರು. “ಲೀಕ್ ಅನ್ನುವ ಮಾತ್ ಮೊದ್ಲ್ ಹೇಳ್ದವ್ರ್ ಯಾರ್? ಯೋಚ್ನೆ ಮಾಡಿ ಹೇಳಿ.”

“ಪಾಂಡು ಸರ್. ಬಾಗ್ಲ್ ತೆಗ್ದದ್ದೇ, ‘ನೀರಿನ ಕೂಲರ್ ಒಡ್ದಿತ್ತ್ ಕಾಣಿ’ ಅಂದ. ನಾನ್ ಅಷ್ಟ್ ಹಟ ಮಾಡಿದ್ದಕ್ಕೆ ಅವ್ಳ್ ನೀರಿನದ್ದೇ ಹಾಕಿರ್ಕ್ ಅಂದ್ಕಂಡೆ.”

ಚಂದಯ್ಯ ಠಾಣೆಗೆ ಫೋನ್ ಮಾಡಿದರು. ಮಹಾಬಲನಿಗೆ ಜಾಮೀನು ನಿಂತವರ ಹೆಸರು ಓದಿ ಹೇಳಲು ಹೇಳಿದರು. ಎರಡನೆಯ ಹೆಸರು ಕೇಳಿ ಫೋನ್ ಇಟ್ಟರು.

*

ಸಂಜೆ ಐದಕ್ಕೆ ಎಲ್ಲರೂ ಅಕ್ಷಯಾಳ ಅಂಗಡಿಯಲ್ಲಿದ್ದರು. ಚಂದಯ್ಯ ಅರ್ಧ ಶಟರ್ ಎಳೆಸಿದರು. ಇಕ್ಕಟ್ಟಾದ ಜಾಗ. ಪಾಂಡು ಗೋಡೆಗೂ ಕಪಾಟಿಗೂ ನಡುವೆ ನಿಂತಿದ್ದ. ಒದ್ದೆಯಾಗಿದ್ದ ಪೆಟ್ಟಿಗೆ ಮೇಜಿನ ಮೇಲಿತ್ತು.

“ಪಾಂಡು, ನೀರಿನ ಕೂಲರ್ ಎಲ್ಲಿತ್ತ್, ತೋರ್ಸ್ ಕಾಂಬ.”

ಅಕ್ಷಯಾ ಮುಚ್ಚಳ ತೆಗೆದಳು. ಪಾಂಡು ಒಳಗೆ ನೋಡಿದ. ಫ್ಯಾನು ನೋಡಿದ. ಅವನ ಕಣ್ಣು ಪೈಪು ಹುಡುಕುತ್ತಿದ್ದುದು ಎಲ್ಲರಿಗೂ ಕಂಡಿತು.

“ಇಲ್ಲೆ,” ಎಂದರು ಚಂದಯ್ಯ. “ಯಾವತ್ತೂ ಇರ್ಲಿಲ್ಲೆ. ಯಾರೋ ಹೊರಗಿಂದ ನೀರ್ ಹೊಯ್ದ್, ಲೀಕ್ ಅಂತ ಕಾಂಬ ಹಾಂಗೆ ಮಾಡಿದ್ರ್. ಹಾಂಗ್ ಮಾಡ್ಕ್ ಅಂದ್ರೆ, ಒಳ್ಗೆ ನೀರಿತ್ತ್ ಅಂತ ಅವ್ರ್ ನಂಬಿರ್ಕ್. ಅಕ್ಷಯಾ ಕಟ್ಟಿದವ್ಳ್, ಅವ್ಳಿಗೆ ಗೊತ್ತ್. ನವ್ಯಶ್ರೀ ಕಣ್ಣಾರೆ ಕಂಡವ್ಳ್. ನಂಬಿದ್ದ್ ಇಬ್ರೇ. ಯತೀಶ್, ಮತ್ತೆ ನೀನ್. ಎಂಟೂವರೆಗೆ ಯತೀಶ್ ಬೈಂದೂರಲ್ಲಿ ಫೋಟೋ ತೆಗೀತಿದ್ದ. ನೀನ್ ಎಲ್ಲಿದ್ದೆ?”

“ಬಸ್ಸಲ್ಲಿ ಸರ್...”

“ಹೊಯ್ದದ್ದ್ ಕಡಲಿನ ನೀರ್. ತಲ್ಲೂರಿನ ನಳ್ಳಿಯಲ್ಲಿ ಕಡಲ್ ಬತ್ತಿಲ್ಲೆ. ಉಪ್ಪ್ ನೀರ್ ತಾಗಿದ ವೈರ್ ಮತ್ತೆ ಬದುಕುದಿಲ್ಲೆ ಅಂತ ಬೋಟಿನ ಮನೆಯವ್ರಿಗೆ ಹೇಳಿ ಕೊಡ್ಕ್ ಅಂತಿಲ್ಲೆ. ಹಂಗಾರಕಟ್ಟೆಯಲ್ಲಿ ಬಾಟ್ಲಿ ತುಂಬ್ಸ್‌ಕಂಡ್ ಬಂದೆ. ಮಹಾಬಲನ ಜಾಮೀನಿನ ಕಾಗ್ದದಲ್ಲಿ ನಿನ್ನ ಸೈ ಇತ್ತ್.”

ಪಾಂಡು ಶಟರಿನ ಕಡೆ ನೋಡಿದ. ಹೊರಗೆ ಕಾನ್‌ಸ್ಟೇಬಲ್‌ನ ಬೂಟು ಕಾಣುತ್ತಿತ್ತು. ಅವನು ಗೋಡೆಗೊರಗಿ ಹಾಗೆಯೇ ಕೆಳಗೆ ಕುಸಿದ.

“ಮಹಾಬಲ ನನ್ನ ಭಾವ ಸರ್. ಅಕ್ಕನ ಗಂಡ. ಎರಡ್ ಮಕ್ಕಳಿದ್ದೊ. ದೋಣಿ ಅಡ್ಡ ಬರ್ಲಿಲ್ಲೆ ಅಂತ ವಿಡಿಯೋದಲ್ಲಿ ಕಂಡ್ರೆ ಭಾವ ಜೈಲಿಗ್ ಹೋತ್ರ್. ಹೊಯ್ಯದಿದ್ರೆ ಅಕ್ಕನ ಮನೆ ಮುಳುಗ್ತ್. ಹೊಯ್ದ್ರೆ ಕಿಟ್ಟಣ್ಣನಿಗೆ ಅನ್ಯಾಯ. ಎರಡ್ ದಿನ ಉಣ್ಲಿಲ್ಲೆ ಸರ್ ನಾನ್. ಆ ಲೀಕಿನ ಮಾತ್ ಒಂದೇ ತಲೆಯಲ್ಲಿ ತಿರುಗ್ತಾ ಇತ್ತ್.” ಅವನು ಅಕ್ಷಯಾಳ ಕಡೆ ತಿರುಗಿದ. “ನಿಮ್ಮ ಹೆಸ್ರ್ ಹಾಳಾತ್ ಅಂತ ನಂಗ್ ಆಗ ಹೊಳೀಲಿಲ್ಲೆ ಅಕ್ಕ.”

ಅಕ್ಷಯಾ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಯತೀಶ್ ಅವಳ ಮುಖ ನೋಡಲಾಗದೆ ನೆಲ ನೋಡುತ್ತಿದ್ದ.

“ಡಿಸ್ಕ್ ಬದುಕಿತ್ತ್,” ಎಂದಳು ಅವಳು ಚಂದಯ್ಯನವರಿಗೆ. “ನಾನ್ ಒಮ್ಮೆ ಕಂಡೆ. ಇವ್ರೂ ಕಾಣ್ಕ್ ಸರ್.”

ಅವಳು ಇನ್ನೊಂದು ಮೆಷಿನಿನಲ್ಲಿ ವಿಡಿಯೋ ಹಾಕಿ, ಆ ಮೂಲೆಯನ್ನಷ್ಟೇ ದೊಡ್ಡದು ಮಾಡಿದಳು. ಯತೀಶ್ ಶನಿವಾರ ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಸಂಜೆಯ ಬೆಳಕು. ಕಿಟ್ಟನ ದೋಣಿ ಬಲೆ ಬಿಟ್ಟು ನಿಂತಲ್ಲೇ ನಿಂತಿತ್ತು. ಬೋಟು ನೇರವಾಗಿ ಬಂತು. ಅದರ ಹಿಂಬದಿಯಲ್ಲಿ ಹಸಿರು ಬನಿಯನ್ನಿನ ಒಬ್ಬ ಬಲೆ ಎಳೆಯುತ್ತಿದ್ದ. ಅವನು ತಲೆ ಎತ್ತಿದ. ಎರಡೂ ಕೈ ಎತ್ತಿ ಕ್ಯಾಬಿನ್ನಿನ ಕಡೆ ಬೀಸುತ್ತ ಓಡಿದ. ಗುದ್ದಿತು. ಅದೇ ಗಳಿಗೆಗೆ ಅವನು ನೀರಿಗೆ ಹಾರಿದ. ಬೋಟು ಮುಂದೆ ಹೋಗಿ ನಿಂತಿತು. ಕ್ಯಾಬಿನ್ನಿನೊಳಗಿಂದ, ಚುಕ್ಕಾಣಿಯ ಬಳಿಯಿಂದ, ಬಿಳಿ ಅಂಗಿಯ ದಪ್ಪ ಮನುಷ್ಯನೊಬ್ಬ ಹೊರಗೆ ಬಂದ.

“ಅದ್ ರಾಜೀವ ಧಣಿ,” ಎಂದ ಪಾಂಡು. “ಹಸ್ರ್ ಬನೀನ್ ಭಾವನದ್ದ್.”

ನೀರಿನಲ್ಲಿ ಹಸಿರು ಚುಕ್ಕೆ ಮೂರು ಸಲ ಮುಳುಗಿತು, ಮೂರು ಸಲ ಎದ್ದಿತು. ಪ್ರತಿ ಸಲವೂ ಕೈ ಖಾಲಿ. ಅಷ್ಟರಲ್ಲಿ ಡ್ರೋನ್ ಮದುವೆಯ ಜೋಡಿಯ ಕಡೆ ತಿರುಗಿತು.

“ಚುಕ್ಕಾಣಿ ಹಿಡ್ದದ್ದ್ ಧಣಿ. ತಪ್ಪ್ ಹೊತ್ಕಂಡದ್ದ್ ನಿನ್ನ ಭಾವ,” ಎಂದರು ಚಂದಯ್ಯ. “ಹೊರುದಿಲ್ಲೆ ಅಂದಿದ್ರೆ ಧಣಿ ನಾಳೆ ಅವ್ನನ್ನ ಯಾವ ಬೋಟೂ ಹತ್ತುಕೆ ಬಿಡ್ತಿರ್ಲಿಲ್ಲೆ. ಅವ್ನ್ ಬಚಾವಾಪುದಿದ್ರೆ ಇದೊಂದ್ರಲ್ಲೇ. ನೀನ್ ಇದನ್ನೇ ಸುಡುಕೆ ಹೋದೆ.”

ಪಾಂಡು ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಆಮೇಲೆ ಕೈ ತೆಗೆದು ಕೇಳಿದ, “ಒಂದ್ ಫೋನ್ ಮಾಡ್ಲಾ ಸರ್?”

ಚಂದಯ್ಯ ತಮ್ಮ ಫೋನನ್ನೇ ಕೊಟ್ಟರು.

“ಅಕ್ಕಾ, ಭಾವನ ಕೈಲಿ ಕೊಡ್.” ಕಾದ. “ಭಾವಾ, ಇನ್ನ್ ಸುಳ್ಳ್ ಹೇಳುದ್ ಬೇಡ. ಕಿಟ್ಟಣ್ಣನ್ನ ಹಿಡುಕೆ ನೀವ್ ಮೂರ್ ಸಲ ಮುಳುಗಿದ್ದ್ ನಾನ್ ಕಂಡೆ.”

ಆ ಕಡೆಯಿಂದ ಗಂಡಸೊಬ್ಬ ಬಿಕ್ಕಿ ಬಿಕ್ಕಿ ಅಳುವುದು ಅಂಗಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಪಾಂಡು ಫೋನ್ ಕಿವಿಗಿಟ್ಟುಕೊಂಡೇ ಇದ್ದ. ಆ ಅಳು ನಿಂತ ಮೇಲೆ ಫೋನ್ ವಾಪಸು ಕೊಟ್ಟು, ಬಗ್ಗಿ ಶಟರ್ ದಾಟಿ, ತಾನೇ ಹೋಗಿ ಜೀಪಿನ ಹಿಂದೆ ಹತ್ತಿ ಕೂತ.