ಆಸರೆ ಕಂಬಿ

"ಕೀಲಿ ಕೊಡು."

ಆ ದನಿ ಕೇಳಿದ್ದೇ ತಡ, ಕಟಾವು ಯಂತ್ರದ ಸೀಟಿನಲ್ಲಿದ್ದ ಡ್ರೈವರಮ್ಮ ಕೀಲಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಕೈ ಚಾಚಿ ನಿಂತಿದ್ದ ಹೊಸ ಮೆಕ್ಯಾನಿಕ್ ಬೇರೆ ಯಾರೂ ಅಲ್ಲ... ಅವನೇ!

ಕೆಲವು ವರ್ಷಗಳ ಹಿಂದೆ ಇದೇ ಕಟಾವು ಯಂತ್ರದಡಿ ಅವಳ ಅಪ್ಪ ಸತ್ತಾಗ ಪಕ್ಕದಲ್ಲಿದ್ದ ಸಹಾಯಕ. ಅವನೇ ಎಂಜಿನ್ ಚಾಲೂ ಮಾಡಿ ಕೊಂದ ಎಂದು ಊರೆಲ್ಲ ಆಡಿಕೊಂಡಿತ್ತು. ಅವನು ಅಲ್ಲವೆನ್ನಲಿಲ್ಲ. ಊರು ಬಿಟ್ಟು ಹೋಗಿದ್ದ.

ಅಪ್ಪನ ಸೀಟಿನಲ್ಲಿ ಈಗ ಅವಳು ಕೂರುತ್ತಿದ್ದಳು. ಯಂತ್ರದ ಬಾಯಿಗೆ ಪೈರು ಸಿಕ್ಕಿಕೊಂಡು ಬೆಳಗಿನಿಂದ ಕೆಲಸ ನಿಂತಿತ್ತು. ಬೇರೆ ಯಾರೂ ಸಿಗದೆ ಮಾಲೀಕ ಇವನನ್ನು ಕರೆಸಿದ್ದ. ಮೇಲಿನಿಂದ ಯಾರೂ ಎಂಜಿನ್ ಚಾಲೂ ಮಾಡದಂತೆ, ಯಂತ್ರದ ಕೆಳಗೆ ನುಗ್ಗುವವನ ಜೇಬಿನಲ್ಲೇ ಕೀಲಿ ಇರಬೇಕು ಎಂಬುದು ಅಪ್ಪ ಹಾಕಿದ ಕಟ್ಟುಪಾಡು.

"ಅಪ್ಪನ್ನ ತಿಂದೋನಿಗೆ ಕೀಲಿ ಒಂದು ಕೇಡು! ಕೊಡಲ್ಲ. ಧೈರ್ಯ ಇದ್ರೆ ಹಾಗೇ ನುಗ್ಗು."

ಹೆದರಿ ಓಡಿಹೋಗಲಿ ಎಂದುಕೊಂಡಿದ್ದಳು. ಆ ಪುಣ್ಯಾತ್ಮ ಎತ್ತಿ ನಿಲ್ಲಿಸಿದ್ದ ಯಂತ್ರದ ಬಾಯಿಯ ಕೆಳಗೆ ಜಾರಿಯೇಬಿಟ್ಟ!

ಹರಿತವಾದ ಹಲ್ಲುಗಳಡಿಯಿಂದ ಸವೆದ ಬೂಟುಗಳಷ್ಟೇ ಕಾಣುತ್ತಿದ್ದವು. ಅವಳ ಮುಷ್ಟಿಯಲ್ಲಿ ಕೀಲಿ. 'ಒಂದೇ ಒಂದು ಸಲ ತಿರುಗಿಸಿದರೆ...' ಮರುಕ್ಷಣವೇ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಸಾಯೋ ಆಸೆನಾ ನಿಂಗೆ?"

"ನೀನು ಕೊಲ್ಲೋದಾದ್ರೆ ಕೊಲ್ಲು," ಕೆಳಗಿನಿಂದ ಉತ್ತರ ಬಂತು. "ಆದ್ರೆ ಅವತ್ತು ನಾನು ಎಂಜಿನ್ ಮುಟ್ಟಲಿಲ್ಲ. ಕೀಲಿ ನಿಮ್ಮಪ್ಪನ ಜೇಬಲ್ಲೇ ಇತ್ತು. ಬಾಯಿನ ಎತ್ತಿ ಹಿಡಿಯೋ ಎಣ್ಣೆ ಪೈಪು ಒಡೆದು, ಅದು ಕುಸೀತು."

ಅವಳು ಮುಷ್ಟಿ ಬಿಚ್ಚಿ ನೋಡಿದಳು. ಅಪ್ಪನ ಬಟ್ಟೆಯ ಜೊತೆ ಆಸ್ಪತ್ರೆಯವರು ಕೊಟ್ಟಿದ್ದು ಇದೇ ಕೀಲಿಯನ್ನಲ್ಲವೇ! ಜೇಬಿನಲ್ಲಿದ್ದ ಕೀಲಿಯಿಂದ ಎಂಜಿನ್ ಹೇಗೆ ಚಾಲೂ ಆದೀತು? ಸಿಟ್ಟಿನ ಭರದಲ್ಲಿ ಇಷ್ಟು ವರ್ಷ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

"ಮತ್ಯಾಕೆ ಬಾಯಿ ಮುಚ್ಕೊಂಡಿದ್ದೆ?"

"ತಪ್ಪು ನಂದೇ. ಎತ್ತಿದ ಬಾಯಿಗೆ ಆಸರೆ ಕಂಬಿ ಕೊಡೋದು ನನ್ನ ಕೆಲಸ. ಕೊಟ್ಟಿದ್ರೆ ಪೈಪು ಒಡೆದ್ರೂ ಬೀಳ್ತಿರ್ಲಿಲ್ಲ. ಮರೆತೆ... ಬೇರೆ ಕಡೆ ನೋಡ್ತಿದ್ದೆ."

"ಎಲ್ಲಿ?"

ಸವೆದ ಬೂಟುಗಳು ಇನ್ನಷ್ಟು ಒಳಕ್ಕೆ ಸರಿದವು.

ಅವಳಿಗೆ ನೆನಪಾಯಿತು. ಅಂದು ಊಟದ ಡಬ್ಬಿ ಹಿಡಿದು ಬದುವಿನ ಮೇಲೆ ಬರುತ್ತಿದ್ದವಳು ತಾನೇ. ಅವನಿಗಾಗಿಯೇ ಎರಡೆರಡು ಸಲ ತಲೆ ಬಾಚಿಕೊಂಡಿದ್ದಳು. ದೂರದಿಂದ ಕೈ ಬೀಸಿದ್ದೂ ತಾನೇ! ಅವನು ನಕ್ಕು ಕೈಯೆತ್ತಿದ್ದ...

'ಅಯ್ಯೋ... ಇದು ನನಗೆ ಗೊತ್ತಾಗಬಾರದು ಅಂತ ಕೊಲೆಗಾರನಾಗಿ ಬದುಕಿದನಾ?'

ಕಣ್ಣು ಮಂಜಾಯಿತು. ಆ ಮಂಜಿನಲ್ಲೇ ಕಂಡಿತು... ಆಸರೆ ಕಂಬಿ ಇವತ್ತೂ ನೆಲದ ಮೇಲೇ ಬಿದ್ದಿದೆ! ಇವತ್ತು ಅದನ್ನು ಕೊಡಬೇಕಾದವಳು ತಾನೇ.

ಒಂದೇ ನೆಗೆತಕ್ಕೆ ಕೆಳಗಿಳಿದು, ಕಂಬಿಯನ್ನೆತ್ತಿ ಯಂತ್ರದ ಬಾಯಿಗೆ ಒತ್ತುಕೊಟ್ಟಳು. ಬಗ್ಗಿ, ಗ್ರೀಸ್ ಮೆತ್ತಿದ ಅವನ ಅಂಗೈಗೆ ಕೀಲಿ ತುರುಕಿದಳು. ಆ ಕೈ ಬಿಡಲು ಅವಳಿಂದಾಗಲಿಲ್ಲ.

"ನನ್ನ ಕ್ಷಮಿಸೋಕಾಗುತ್ತಾ?" ಕೆಳಗಿನಿಂದಲೇ ಕೇಳಿದ.

"ಗೊತ್ತಿಲ್ಲ... ನನ್ನನ್ನೇ ಕ್ಷಮಿಸ್ಕೊಳ್ಳೋಕಾಗ್ತಿಲ್ಲ."

"ನಿಂದೇನೂ ತಪ್ಪಿಲ್ಲ ಕಣೆ."

"ಅದನ್ನ ದಿನಾ ಹೇಳೋಕೆ ನೀನು ಬೇಕು," ಬಿಕ್ಕುತ್ತ ಅಂದಳು. "ಹುಷಾರಾಗಿ ಈಚೆ ಬಾ. ಬೈಯೋದು ಬಹಳ ಬಾಕಿ ಇದೆ."

"ಎಷ್ಟು ದಿನ ಬೈತೀಯ?"

"ಬದುಕಿರೋ ತನಕ."