ಕೆಂಪು ದಾರ ಕಟ್ಟಿದ ಕಾರ್ಡು

ಕಂಪ್ಯೂಟರ್ ಪೆಟ್ಟಿಗೆಯ ಪಕ್ಕದ ತಗಡನ್ನು ಬಿಚ್ಚಿ ಗೋಡೆಗೆ ಒರಗಿಸಿ, ನೆಲದ ಮೇಲೆ ಕೂತು ಒಳಗಿನ ದೂಳು ತೆಗೆಯುತ್ತಿದ್ದಳು ಅವಳು. ಹೊಲಿಗೆ ಯಂತ್ರದ ಹೊಟ್ಟೆಯಿಂದ ನೂಲಿನ ಚೂರು ಕೆದಕುವ ಬ್ರಷ್ಷೇ ಇದಕ್ಕೂ. ಫ್ಯಾನಿನ ರೆಕ್ಕೆಗಳ ಮೇಲೆ ದೂಳು ಪದರ ಪದರವಾಗಿ ಕೂತಿತ್ತು. ಶಾಲೆಯ ಸಮವಸ್ತ್ರ ಹೊಲಿದ ತಿಂಗಳದ್ದು ನೀಲಿ, ಆಸ್ಪತ್ರೆಯ ನಿಲುವಂಗಿಗಳದ್ದು ಹಸಿರು.

ದರ್ಜಿಯ ಅಂಗಡಿಯಲ್ಲಿ ಕಂಪ್ಯೂಟರಿಗೂ ನೂಲೇ ಆಹಾರ ಎಂದು ತಮ್ಮ ನಗುತ್ತಿದ್ದ.

ಋತು ಬದಲಾದಾಗಲೆಲ್ಲ ಮಾಡುವ ಕೆಲಸವಿದು, ಫ್ಯಾನಿನ ಮೇಲಷ್ಟೇ ಬ್ರಷ್ಷು ಆಡಿಸಿ ಮುಚ್ಚಿಬಿಡುವುದು. ಈ ಸಲ ಮಾತ್ರ ಕೈ ಒಳಗಿನ ಮೂಲೆ ಮೂಲೆಗೂ ಓಡಿತು. ಮಧ್ಯಾಹ್ನ, ಪತ್ರದಲ್ಲಷ್ಟೇ ಪರಿಚಯವಿದ್ದ ಒಬ್ಬರು ಇದನ್ನು ನೋಡಲು ಬರುವವರಿದ್ದರು.

ಹಳೆಯ ಕಂಪ್ಯೂಟರ್ ಅದು. ಕಾಗದದ ಮೇಲೆ ಉಡುಪಿನ ನಕ್ಷೆ ಎಳೆಯುವ ಅವಳ ಯಂತ್ರದ ಅಗಲವಾದ ಪ್ಲಗ್ಗು ಕೂರುವುದು ಅದರ ಬೆನ್ನಿನಲ್ಲಿ ಮಾತ್ರ. ಹೊಸದರಲ್ಲಿ ಆ ಕಿಂಡಿಯೇ ಇಲ್ಲ. ಕಂಪ್ಯೂಟರ್ ಅಂಗಡಿಯವರೆಲ್ಲ ಇದನ್ನು ಗುಜರಿಗೆ ಹಾಕಿ ಎಂದಾಗ, ಯುನಿಕ್ಸ್ ಮನೆತನದ ಒಂದು ಆಪರೇಟಿಂಗ್ ಸಿಸ್ಟಂ ಅದಕ್ಕೆ ಮತ್ತೆ ಜೀವ ಕೊಟ್ಟಿತ್ತು. ಯಾರು ಬೇಕಾದರೂ ಪುಕ್ಕಟೆಯಾಗಿ ಹಾಕಿಕೊಳ್ಳಬಹುದಾದದ್ದು. ಎಲ್ಲೆಲ್ಲೋ ಕೂತ ಜನ ತಮ್ಮ ಬಿಡುವಿನಲ್ಲಿ ಬರೆದು, ತಿದ್ದಿ, ಹಂಚುವಂಥದ್ದು.

ಆ ಎಲ್ಲೆಲ್ಲೋ ಇದ್ದವರಲ್ಲಿ ಒಬ್ಬ, ಇವತ್ತು ಬರಲಿದ್ದ ಅವನು. ಹಗಲು ಲಿಫ್ಟ್ ಮೆಕ್ಯಾನಿಕ್. ಸಂಜೆಗೆ, ಯಾರಿಗೂ ಬೇಡವಾದ ಹಳೆಯ ನೆಟ್‌ವರ್ಕ್ ಕಾರ್ಡುಗಳು ಆ ಸಿಸ್ಟಂನಲ್ಲಿ ಓಡುವಂತೆ ನೋಡಿಕೊಳ್ಳುವವನು. ಅವಳ ಕಂಪ್ಯೂಟರಿನಲ್ಲಿದ್ದದ್ದು ಅಂಥದೇ ಒಂದು ಕಾರ್ಡು. ಅದರಿಂದಲೇ ಗಿರಾಕಿಗಳ ಅಳತೆಗಳು ಇಂಟರ್ನೆಟ್ ಮೂಲಕ ಬಂದು ಸೇರುತ್ತಿದ್ದವು. ಒಮ್ಮೆ ಅದು ಕೈಕೊಟ್ಟಾಗ ಅವಳು ತಮ್ಮನ ಫೋನಿನಿಂದ ಆ ಸಿಸ್ಟಂನವರಿಗೆ ಇ-ಮೇಲಿನಲ್ಲಿ ದೂರು ಬರೆದಿದ್ದಳು. ಅವನು ಉತ್ತರಿಸಿದ. ಕಾರ್ಡಿನ ಮೇಲಿನ ದೊಡ್ಡ ಚಿಪ್‌ನ ಸಂಖ್ಯೆ ಓದಿ ಹೇಳಿ ಎಂದ. ಭೂತಗನ್ನಡಿ ಹಿಡಿದು ಓದಿದಳು. ಎರಡು ವಾರ ಹಿಂದೆ ಮುಂದೆ ಪತ್ರ ಓಡಾಡಿ, ಕೊನೆಗೆ ಕಾರ್ಡು ಎದ್ದಿತು.

ಅಂದಿನಿಂದ ವರ್ಷಕ್ಕೆರಡು ಸಲ, ಸಿಸ್ಟಂನ ಹೊಸ ಆವೃತ್ತಿ ಹೊರಡುವ ಮೊದಲು, ಅವನು ಅದನ್ನು ಅವಳಿಗೆ ಕಳಿಸುವನು. ಅವಳು ಹಾಕಿ ನೋಡಿ, ಕಂಪ್ಯೂಟರ್ ತಾನೇ ಬರೆದುಕೊಂಡ ಉದ್ದನೆಯ ವರದಿಯ ಜೊತೆಗೆ ತನ್ನದೊಂದು ಸಾಲು ಸೇರಿಸಿ ಕಳಿಸುವಳು. “ಕಾರ್ಡ್ ಚೆನ್ನಾಗಿದೆ.”

ಆ ಕಾರ್ಡಿಗೆ ಇಡೀ ಜಗತ್ತಿನಲ್ಲಿ ಉಳಿದ ಪರೀಕ್ಷಕಿ ಅವಳೊಬ್ಬಳೇ. ಅವಳೂ ನಿಲ್ಲಿಸಿದರೆ ಅದನ್ನು ಓಡಿಸಲು ಬರೆದ ಕೋಡನ್ನು ಸಿಸ್ಟಂನಿಂದಲೇ ತೆಗೆದುಹಾಕುತ್ತಾರೆ. ಅವನ ಜೊತೆಗಾರರು ತೆಗೆಯಲು ತುದಿಗಾಲಲ್ಲಿ ನಿಂತಿದ್ದರಂತೆ. ಒಬ್ಬರು ಇನ್ನೂ ಬಳಸುತ್ತಿದ್ದಾರೆ ಎಂದು ಅವನು ಹಟ ಹಿಡಿದಿದ್ದನಂತೆ.

ಒಂದು ಸಾಲು ನಿಧಾನಕ್ಕೆ ನಾಲ್ಕಾಯಿತು. ಆಮೇಲೆ ಪುಟವಾಯಿತು. ಅವನ ತಾಯಿಯ ಮಂಡಿನೋವು, ಅವಳ ಕತ್ತರಿಗೆ ಸಾಣೆ ಹಿಡಿಯುವವನ ಮುಂಗೋಪ... ಅವನು ‘ದರ್ಜಿಯವರೇ’ ಎಂದು ಶುರುಮಾಡಿದರೆ ಅವಳು ‘ಲಿಫ್ಟಿನವರೇ’ ಎನ್ನುತ್ತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮದುವೆ ಒಂದು ವರ್ಷಕ್ಕೇ ಮುರಿದು ಅವಳು ತವರಿಗೆ ಬಂದು ಬಹಳ ಕಾಲವಾಗಿತ್ತು. ಯಾರದೋ ಪತ್ರಕ್ಕೆ ಕಾಯುವ ವಯಸ್ಸು ತನ್ನದಲ್ಲ ಎಂದುಕೊಳ್ಳುತ್ತಲೇ ಕಾಯುತ್ತಿದ್ದಳು. ಕಾರ್ಡಿನ ವಿಷಯ ತಾನೇ, ಇರಲಿ...

ಈ ವಾರ ಅವನು ಇದೇ ಊರಿಗೆ ಲಿಫ್ಟೊಂದರ ಕೆಲಸಕ್ಕೆ ಬರುವವನಿದ್ದ. ಹಳೆಯ ಕಾರ್ಡುಗಳನ್ನು ಉಳಿಸಬೇಕೋ ಬೇಡವೋ ಎಂದು ಈ ಸಲ ಕೊನೆಯ ತೀರ್ಮಾನ, ಒಮ್ಮೆ ನಾನೇ ಕಣ್ಣಾರೆ ನೋಡಲೇ, ಎಂದು ಕೇಳಿದ್ದ.

ಬ್ರಷ್ಷು ಕಾರ್ಡಿನ ಹತ್ತಿರ ಬಂದು ನಿಂತಿತು.

ಕಾರ್ಡಿನ ಲೋಹದ ಪಟ್ಟಿಯ ತೂತಿಗೆ ಅವಳು ಕೆಂಪು ದಾರದ ಗಂಟು ಹಾಕಿದ್ದಳು. ತನ್ನದು ಎನ್ನುವ ಎಲ್ಲಕ್ಕೂ ದಾರದ ಗುರುತು ಹಾಕುವುದು ಅವಳ ರೂಢಿ. ಕತ್ತರಿಗೆ, ಛತ್ರಿಗೆ, ಬೀಗದ ಕೈಗೆ.

ಈಗ ಅಲ್ಲಿ ದಾರವಿರಲಿಲ್ಲ.

ದೀಪ ಹತ್ತಿರ ಹಿಡಿದಳು. ಚಿಪ್‌ನ ಮೇಲಿನ ಸಂಖ್ಯೆ ಬೇರೆ. ಕಾರ್ಡಿನ ಬಣ್ಣವೇ ಬೇರೆ.

ಮಹಡಿಯ ಮೆಟ್ಟಿಲ ಬುಡಕ್ಕೆ ಹೋಗಿ ತಮ್ಮನನ್ನು ಕರೆದಳು. ವೈರಿಂಗ್ ಕೆಲಸ ಮಾಡುವ ತಮ್ಮ ಬಾಯಲ್ಲಿ ಟೆಸ್ಟರ್ ಕಚ್ಚಿಕೊಂಡೇ ಇಳಿದು ಬಂದ. ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, ಟೆಸ್ಟರನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡ.

“ಓ, ಅದಾ. ನೀನು ಜ್ವರ ಬಂದು ಆಸ್ಪತ್ರೇಲಿ ಮಲಗಿದ್ಯಲ್ಲ, ಆಗ ಇಂಟರ್ನೆಟ್ ನಿಂತುಹೋಗಿತ್ತು. ಸಮವಸ್ತ್ರದ ಅಂಗಡಿಯವರು ತಲೆ ತಿಂತಿದ್ರು. ಗುಜರಿಯಿಂದ ಒಂದು ತಂದು ಹಾಕಿದೆ, ಓಡ್ತು.”

“ನಂಗೆ ಯಾಕೆ ಹೇಳ್ಲಿಲ್ಲ?”

“ಅಕ್ಕಾ, ಸೂಜಿ ಮುರಿದ್ರೇ ಮೂರು ದಿನ ಮುಖ ಸಪ್ಪಗೆ ಮಾಡ್ಕೊಳ್ಳೋಳು ನೀನು.”

ಹಳೆಯದನ್ನು ಎಸೆದಿಲ್ಲ, ಗುಂಡಿಗಳ ಡಬ್ಬದಲ್ಲೇ ಇಟ್ಟಿದ್ದೇನೆ ಎಂದ. ಅದು ನಿಜವಾಗಿತ್ತು. ಕೋಟಿನ ಗುಂಡಿಗಳ ಕೆಳಗೆ ಕಾರ್ಡು ಸಿಕ್ಕಿತು, ಕೆಂಪು ಗಂಟಿನ ಸಮೇತ.

ಅವಳು ಲೆಕ್ಕ ಹಾಕಿದಳು. ಜ್ವರ ಬಂದದ್ದು ಹೋದ ವರ್ಷದ ಚಳಿಯಲ್ಲಿ. ಆಮೇಲೆ ಬಂದ ಪ್ರತಿಯೊಂದು ಆವೃತ್ತಿಗೂ ತಾನು ಬರೆದದ್ದು... ಕಾರ್ಡ್ ಚೆನ್ನಾಗಿದೆ.

ಇಲ್ಲದ ಕಾರ್ಡು!

ಅಳತೆಯ ವಿಷಯದಲ್ಲಿ ಅವಳ ಮಾತನ್ನು ಯಾರೂ ಎರಡನೇ ಸಲ ಕೇಳಿದವರಲ್ಲ. ಗಿರಾಕಿ ಎಷ್ಟೇ ಅವಸರ ಮಾಡಲಿ, ಟೇಪು ಹಿಡಿಯದೆ, ಕಣ್ಣಂದಾಜಿನಲ್ಲಿ ಒಂದು ಕರವಸ್ತ್ರವನ್ನೂ ಕತ್ತರಿಸಿದವಳಲ್ಲ. ಅಂಥ ತನ್ನ ಮಾತನ್ನು ನಂಬಿ ಒಬ್ಬರು ಜೊತೆಗಾರರ ಎದುರು ಹಟ ಹಿಡಿದಿದ್ದಾರೆ. ಈಗ ನೋಡಲು ಬರುತ್ತಿದ್ದಾರೆ.

ತಮ್ಮನಿಗೆ ಇದರಲ್ಲಿ ಇಷ್ಟು ತಲೆಕೆಡಿಸಿಕೊಳ್ಳುವಂಥದ್ದು ಏನೆಂದೇ ತಿಳಿಯಲಿಲ್ಲ. ಅವರು ಬರುವ ಮೊದಲು ಹಳೆಯದನ್ನು ಮತ್ತೆ ಸಿಕ್ಕಿಸಿಬಿಡು, ಒಂದೇ ಸ್ಕ್ರೂ, ಯಾರಿಗೆ ಗೊತ್ತಾಗುತ್ತದೆ, ಎಂದು ಸ್ಕ್ರೂಡ್ರೈವರನ್ನು ಅವಳ ಕೈಗಿಟ್ಟು ಮೇಲೆ ಹೋದ.

ಒಂದು ಕೈಯಲ್ಲಿ ಕಾರ್ಡು, ಇನ್ನೊಂದರಲ್ಲಿ ಸ್ಕ್ರೂಡ್ರೈವರ್ ಹಿಡಿದು ಅವಳು ಕೂತಳು.

ನಿಜ ಹೇಳಿದರೆ ಆ ಕಾರ್ಡಿಗೆ ಪರೀಕ್ಷಕಿ ಇಲ್ಲ. ಪರೀಕ್ಷಕಿ ಇಲ್ಲದಿದ್ದರೆ ಅದರ ಕೋಡು ಇಲ್ಲ. ಕೋಡು ಇಲ್ಲದಿದ್ದರೆ ಪತ್ರಗಳಿಗೆ ಕಾರಣವೂ ಇಲ್ಲ. ಹೇಳದಿದ್ದರೆ?

ಹೇಳದಿದ್ದರೆ ಎಲ್ಲವೂ ಹಾಗೇ ಇರುತ್ತದೆ. ಸ್ಕ್ರೂವಿನ ತಲೆಯ ಮೇಲೆ ಮೊನೆ ಇಟ್ಟಳು. ಅರ್ಧ ಸುತ್ತು ತಿರುಗಿಸಿದಳು ಕೂಡ.

ಬಾಗಿಲು ಬಡಿದ ಸದ್ದಾಯಿತು. ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದ.

ಕನ್ನಡಕದ, ಕಿವಿಯ ಹತ್ತಿರ ನರೆತ, ಎತ್ತರದ ಆಳು. ದರ್ಜಿಯ ಕಣ್ಣು ಮೊದಲು ಮುಖ ನೋಡಲಿಲ್ಲ. ಅಂಗಿಯ ಭುಜದ ಹೊಲಿಗೆ ತೋಳಿಗೆ ಜಾರಿತ್ತು. ಯಾರೋ ಅಳತೆ ತೆಗೆಯದೆ ಹೊಲಿದದ್ದು. ಆಮೇಲೆ ಮುಖ ನೋಡಿದಳು. ಅವನೂ ನೋಡುತ್ತಿದ್ದ. ಪತ್ರದಲ್ಲಿ ಪುಟಗಟ್ಟಲೆ ಮಾತಾಡುವ ಇಬ್ಬರೂ ಆಡಿದ್ದು, ಒಳಗೆ ಬನ್ನಿ, ಬಂದೆ, ಎಂದಷ್ಟೇ.

ಅವನು ಚಪ್ಪಲಿ ಬಿಟ್ಟು ನಿಂತ. ಕೂರಿ ಎನ್ನುವ ಮೊದಲೇ ಅವಳ ಬಾಯಿಂದ ಬಂದುಬಿಟ್ಟಿತು.

“ನೀವು ನೋಡೋಕೆ ಬಂದಿರೋದು ಅದರೊಳಗಿಲ್ಲ.”

ಅಂಗೈ ಬಿಚ್ಚಿ ಕಾರ್ಡು ತೋರಿಸಿದಳು. ಆಸ್ಪತ್ರೆ, ತಮ್ಮ, ಗುಂಡಿಯ ಡಬ್ಬ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ತಾನು ಬರೆದ ವರದಿಗಳನ್ನೆಲ್ಲ ಹೊಡೆದುಹಾಕಿ ಎಂದಳು.

ಅವನು ಕಾರ್ಡಿನ ಕೆಂಪು ಗಂಟನ್ನೇ ನೋಡುತ್ತ, “ಗೊತ್ತು” ಎಂದ.

“ಏನು ಗೊತ್ತು?”

“ಕಾರ್ಡ್ ಬದಲಾಗಿರೋದು. ನಿಮ್ಮ ಸಾಲಿನ ಜೊತೆ ಕಂಪ್ಯೂಟರ್ ಬರೆದಿದ್ದೂ ಬರತ್ತಲ್ಲ, ಅದರಲ್ಲಿ ಒಳಗೆ ಯಾವ ಕಾರ್ಡ್ ಇದೆ ಅಂತ ಇರತ್ತೆ. ಹೋದ ವರ್ಷದಿಂದ ಬೇರೆ ಹೆಸರು ಬರ್ತಿದೆ.”

ಅವಳ ಕಿವಿ ಬಿಸಿಯಾಯಿತು. ಹೋದ ವರ್ಷದಿಂದ! ತಾನು ಮೈಯೆಲ್ಲ ಶ್ರದ್ಧೆಯಾಗಿ ‘ಚೆನ್ನಾಗಿದೆ’ ಎಂದು ಬರೆಯುವಾಗ, ಆ ಕಡೆ ಒಬ್ಬರು ಓದಿ, ಪಾಪ, ಆಟ ಆಡಿಕೊಂಡಿರಲಿ ಬಿಡು, ಎಂದುಕೊಳ್ಳುತ್ತಿದ್ದರೇ? ಮಕ್ಕಳಿಗೆ ಚಿಂದಿ ಬಟ್ಟೆ ಕೊಟ್ಟು ಕೂರಿಸುವ ಹಾಗೆ?

“ನನ್ನ ಕೈಯಲ್ಲಿ ಸುಳ್ಳು ಬರೆಸಿದ್ರಿ,” ಎಂದಳು. ಧ್ವನಿ ಏರಲಿಲ್ಲ. “ನನಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.”

ಅವನು ಏನೋ ಹೇಳಹೊರಟ. ನಿಮ್ಮ ಸಾಲನ್ನು ನಾನು ಪಟ್ಟಿಗೆ ಏರಿಸಿಲ್ಲ, ಅಲ್ಲಿ ಆ ಕಾರ್ಡಿನ ಮುಂದೆ ಇವತ್ತಿಗೂ ‘ಪರೀಕ್ಷೆ ಬಾಕಿ’ ಅಂತಲೇ ಇದೆ ಎಂದ. ಅದು ಸಮಾಧಾನವಾಗುವ ಬದಲು ಇನ್ನಷ್ಟು ಚುಚ್ಚಿತು. ಅವಳು ಬೆನ್ನು ತಿರುಗಿಸಿ ಹೊಲಿಗೆ ಯಂತ್ರದ ಮುಂದೆ ಕೂತು ಪೆಡಲ್ ತುಳಿಯತೊಡಗಿದಳು. ಸೂಜಿಯ ಕೆಳಗೆ ಬಟ್ಟೆಯಿರಲಿಲ್ಲ. ಇಬ್ಬರಿಗೂ ಅದು ಕಾಣುತ್ತಿತ್ತು.

ಅವನು ಹೋಗಲಿಲ್ಲ. ಬಟ್ಟೆಯ ಥಾನುಗಳ ಪಕ್ಕ ಸ್ಟೂಲು ಎಳೆದುಕೊಂಡು, ಯಂತ್ರದ ಸದ್ದು ಇಳಿಯುವವರೆಗೆ ಕಾದ.

“ಒಂದು ಹಳೇ ಕಟ್ಟಡದ ಲಿಫ್ಟ್ ನೋಡ್ಕೋತೀನಿ,” ಎಂದ. “ಮೇಲಿನ ಮಹಡೀಲಿ ಒಬ್ಬರು ಅಜ್ಜಿ. ತಿಂಗಳಿಗೊಂದ್ಸಲ ಫೋನ್ ಮಾಡ್ತಾರೆ, ಲಿಫ್ಟಲ್ಲಿ ಸದ್ದು ಬರ್ತಿದೆ ಅಂತ. ಹೋಗಿ ನೋಡಿದ್ರೆ ಸದ್ದೇ ಇರಲ್ಲ. ಎಣ್ಣೆ ಬಿಟ್ಟ ಹಾಗೆ ಮಾಡಿ, ಅವರು ಕೊಟ್ಟ ಟೀ ಕುಡಿದು ಬರ್ತೀನಿ. ಸದ್ದಿಲ್ಲ ಅನ್ನೋದು ಅವರಿಗೂ ಗೊತ್ತು, ನನಗೂ ಗೊತ್ತು. ಬಾಯಿಬಿಟ್ಟು ಹೇಳಿದ್ರೆ ಮತ್ತೆ ಹೋಗೋಕೆ ಕಾರಣ ಇರಲ್ಲ.”

ಅವಳು ತಿರುಗಲಿಲ್ಲ. “ಅಂದ್ರೆ ನಾನು ಆ ಅಜ್ಜಿನಾ?”

“ಅಲ್ಲ,” ಎಂದ. “ಅಜ್ಜಿ ನಾನು.”

ಪೆಡಲ್ ನಿಂತಿತು.

ಅವಳಿಗೆ ನಗು ಬಂತು. ಬಂದದ್ದು ಸಿಟ್ಟೂ ತರಿಸಿತು. ಸಿಟ್ಟು ಪೂರ್ತಿ ಆರದೆ ನಗುವುದು ಅವಳಿಗೆ ಅಭ್ಯಾಸವಿರಲಿಲ್ಲ. ಹೊಲಿಗೆ ಯಂತ್ರದ ಚಕ್ರ ಹಿಡಿದು ಹಾಗೇ ಕೂತಳು. ಬೆನ್ನ ಹಿಂದೆ ಅವನು, ತಪ್ಪು ನನ್ನದು, ನಿಮ್ಮ ಮಾತಿನ ಬೆಲೆ ಗೊತ್ತಿದ್ದೂ ಹಾಗೆ ಮಾಡಿದೆ, ಎಂದು ಮೆಲ್ಲಗೆ ಹೇಳಿದ.

ಕೊನೆಗೆ ಅವಳು ಎದ್ದು ಬಂದು ಕಾರ್ಡನ್ನು ಅವನ ಮುಂದೆ ಹಿಡಿದಳು.

“ಬಾಕಿ ಇದೆ ಅಂದ್ರಲ್ಲ. ಈಗ ಪರೀಕ್ಷೆ ಮಾಡಿ. ನನ್ನ ಕಣ್ಣ ಮುಂದೆ.”

ಅಂದು ಇದು ನಿಂತದ್ದು ಈ ಕಿಲುಬಿನಿಂದಲೇ ಇರಬೇಕು ಎಂದು ಅವನು ಕಾರ್ಡಿನ ಅಂಚಿನ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿದ. ಅವಳು ದೀಪ ಹಿಡಿದಳು. ಗುಜರಿಯದನ್ನು ತೆಗೆದು ಹಳೆಯದನ್ನು ಕೂರಿಸಿ ಕಂಪ್ಯೂಟರ್ ಹಚ್ಚಿದರು. ಪರದೆಯ ಮೇಲೆ ಸಾಲುಗಳು ಓಡಿದವು. ಕಾರ್ಡಿನ ಹೆಸರು ಬಂತು. ಬೆನ್ನಿನ ಹಸಿರು ದೀಪವೂ ಹೊತ್ತಿಕೊಂಡಿತು.

ಅಷ್ಟೇ. ಕೇಬಲ್ ಬದಲಿಸಿ ನೋಡಿದರೂ ಇಂಟರ್ನೆಟ್ಟಿನ ಒಂದು ಪುಟವೂ ತೆರೆದುಕೊಳ್ಳಲಿಲ್ಲ.

ಪಕ್ಕಪಕ್ಕ ಕೂತು ಅವರು ಹುಡುಕಿದರು. ಅವನು ಹೇಳಿದ್ದನ್ನು ಅವಳು ಟೈಪ್ ಮಾಡುತ್ತಿದ್ದಳು, ಪತ್ರದಲ್ಲಿ ಮಾಡುತ್ತಿದ್ದ ಹಾಗೇ. ಕಾರ್ಡು ಬದಲಾಗುವ ಮೊದಲಿದ್ದ ಆವೃತ್ತಿಯನ್ನು ಹಾಕಿದರೆ ಅದೇ ಕಾರ್ಡು ಲವಲವಿಕೆಯಿಂದ ಓಡಿತು. ಹೊಸದರಲ್ಲಿ ಮಾತ್ರ ಮೂಕ. ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಹೋದ ಬೇಸಿಗೆಯಲ್ಲಿ ತಾವು ಕೋಡನ್ನು ಶುಚಿ ಮಾಡುವಾಗ ಬೇಕಾದದ್ದೇನೋ ಕಿತ್ತುಬಂದಿದೆ ಎಂದ.

“ನಾನು ಚೆನ್ನಾಗಿದೆ ಅಂತ ಬರೆದಿದ್ದೆ.”

“ನಾನು ಓದಿ ಸುಮ್ಮನಿದ್ದೆ.”

ಇಬ್ಬರೂ ಪರದೆಯನ್ನೇ ನೋಡಿದರು. ನಾವಿಬ್ಬರೂ ಬೇರೇನನ್ನೋ ಕಾಪಾಡಿಕೊಳ್ಳುವುದರಲ್ಲಿ ಇದ್ದಾಗ, ಪಾಪದ ಕಾರ್ಡು ಕೆಟ್ಟುಕೂತಿದೆ ಎಂದು ಅವಳಿಗನ್ನಿಸಿತು. ಅವನಿಗೂ ಅನ್ನಿಸಿರಬೇಕು.

ಸರಿಮಾಡಬಹುದು ಎಂದ ಅವನು. ಆದರೆ ಒಂದು ದಿನದಲ್ಲಾಗುವ ಕೆಲಸವಲ್ಲ. ಹಗಲು ಅವಳಿಗೆ ಗುಜರಿಯ ಕಾರ್ಡು ಬೇಕು, ಅಳತೆಗಳು ಬರಬೇಕು. ಅಂಗಡಿ ಮುಚ್ಚಿದ ಮೇಲೆ ಹಳೆಯದನ್ನು ಹಾಕಿ ನೋಡಬೇಕು. ಇಲ್ಲಿಯ ಲಿಫ್ಟಿನ ಕೆಲಸ ಇನ್ನೂ ಕೆಲವು ವಾರ ಇದೆ...

ಮೇಲಿನಿಂದ ಟೀ ಹಿಡಿದು ಬಂದ ತಮ್ಮ ಇಬ್ಬರನ್ನೂ ನೋಡಿ, ಬಿಚ್ಚಿದ್ದನ್ನು ನೋಡಿ, ಲೋಟಗಳನ್ನು ಇಟ್ಟು ಸದ್ದಿಲ್ಲದೆ ವಾಪಸ್ಸು ಹತ್ತಿದ.

ಸಂಜೆಯ ಬೆಳಕು ಕತ್ತರಿಸುವ ಮೇಜಿನ ಮೇಲೆ ಇಳಿದಿದ್ದಾಗ ಅವನು ಹೊರಟ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ತಡೆದು ನಿಂತ.

“ನಾಳೆ ಬರ್ಲಾ?”

“ಕಾರ್ಡ್ ಸರಿಯಾಗೋವರೆಗೆ ಬನ್ನಿ.”

“ಸರಿಯಾದ ಮೇಲೆ?”

ಅವಳು ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

“ಆಮೇಲೆ ಕಾರಣ ಹುಡುಕದೆ ಬನ್ನಿ.”

ಅವನು ತಲೆಯಾಡಿಸಿದ. ಹೊರಗಿನ ಮೆಟ್ಟಿಲಿಳಿಯುವಾಗ ಒಮ್ಮೆ ಕಂಬಿಯ ಬದಲು ಗಾಳಿಯನ್ನೇ ಹಿಡಿದ. ಅವಳು ಕಂಡೂ ಕಾಣದಂತೆ ಬಾಗಿಲು ಮುಂದಕ್ಕೆಳೆದಳು.

ಕಪಾಟಿನ ತಳದಲ್ಲಿ ಬೂದುಬಣ್ಣದ ಒಂದು ಬಟ್ಟೆಯಿತ್ತು. ಎಷ್ಟೋ ವರ್ಷದ ಹಿಂದೆ, ನೇಯ್ಗೆ ಚೆನ್ನಾಗಿದೆ ಎಂಬ ಒಂದೇ ಕಾರಣಕ್ಕೆ ಕೊಂಡಿಟ್ಟದ್ದು. ಅದನ್ನು ತೆಗೆದು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸುಕ್ಕು ನೇವರಿಸಿದಳು. ಸೀಮೆಸುಣ್ಣ ಕೈಗೆತ್ತಿಕೊಂಡಳು. ಭುಜ ಎಲ್ಲಿ ನಿಲ್ಲಬೇಕೆಂದು ಕಣ್ಣಿಗೆ ಚೆನ್ನಾಗಿ ಗೊತ್ತಿತ್ತು.

ಆದರೂ ಗೆರೆ ಎಳೆಯಲಿಲ್ಲ.

ಲೋಟ ಒಯ್ಯಲು ಬಂದ ತಮ್ಮ, ಇದು ಯಾರದು ಎಂದು ಕೇಳಿದ. ಗಿರಾಕಿಯದು ಎಂದಳು.

ತಮ್ಮ ಹೋದ ಮೇಲೆ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಅದರ ಮೂಲೆಗೆ ಒಂದು ಎಳೆ ಕೆಂಪು ದಾರ ಕಟ್ಟಿದಳು. ಅಳತೆ ತೆಗೆಯುವುದು ಬಾಕಿಯಿರುವ ಬಟ್ಟೆಗಳ ಸಾಲಿನಲ್ಲಿ, ಎಲ್ಲಕ್ಕಿಂತ ಮೇಲೆ ಅದನ್ನಿಟ್ಟು ದೀಪ ಆರಿಸಿದಳು.