ದಿಬ್ಬದಿಂದ ಕಂಡ ಬಾವಿ

ಆಳಂದ ಠಾಣೆಯ ಜಮಾದಾರ ದೌಲತರಾಯನ ಕಣ್ಣು ಎಂಥವೆಂದರೆ, ಖಜೂರಿಯಲ್ಲಿ ನಿಂತು ಜೇವರ್ಗಿ ಸಂತೆಯ ಬದನೆಕಾಯಿಯೊಳಗಿನ ಹುಳ ಹೆಣ್ಣೋ ಗಂಡೋ ಹೇಳಬಲ್ಲವು. ಅವನೇ ಹಾಗೆ ಹೇಳಿಕೊಳ್ಳುತ್ತಿದ್ದ. ಆದರೆ ಕಳವಿನ ದೂರು ಬಂದ ಆ ಬೆಳಿಗ್ಗೆ ಖಜೂರಿಯ ರೈತ ಬಸವಂತರಾಯರ ಹೊಲದ ಬಾವಿಗೆ ಬಗ್ಗಿದಾಗ ಅವನಿಗೂ ನೀರಷ್ಟೇ ಕಂಡಿತು. ಪಂಪಿನ ಮೋಟಾರು ಮಾಯ. ಬಾವಿಯ ಕಲ್ಲಿಗೆ ಮಂಚಕ್ಕೆ ಹೆಣೆಯುವ ಕೆಂಪು ನವಾರದ ಪಟ್ಟಿಯ ಎಳೆ ಸಿಕ್ಕಿಕೊಂಡಿತ್ತು. ಅದನ್ನು ಜೇಬಿಗಿಳಿಸಿದ, ಹೊರಗಿನವರಿಗೆ ಹೇಳಲಿಲ್ಲ. ಸುತ್ತ ಜೋಳ ತೆನೆ ಕಟ್ಟಿ ನಿಂತಿತ್ತು.

ಸುಗ್ಗಿ ಮುಗಿದ ಮೇಲೆ ಪಕ್ಕದ ಹೊಲದ ಶಾಂತಲಿಂಗಪ್ಪ ಠಾಣೆಗೆ ಬಂದ. ಕಳುವಾದಾಗ ತಾನು ಆಚೆಯ ದಿಬ್ಬದ ಮೇಲಿದ್ದೆ, ಬಸವಂತರಾಯರ ಹೊಲದ ಕಾವಲುಗಾರ ಲಾಡ್ಲೆಸಾಬ ಕೆಂಪು ನವಾರ ಕಟ್ಟಿ ಮೋಟಾರು ಎಳೆಯುವುದನ್ನು ಕಂಡೆ ಎಂದ. ಬಡವನೆಂದು ಇಷ್ಟು ದಿನ ಬಾಯಿ ಬಿಡಲಿಲ್ಲವಂತೆ. ದೌಲತರಾಯ ದಿಬ್ಬ ಹತ್ತಿ ನೋಡಿದ. ಬೋಳು ಹೊಲದಾಚೆ ಬಾವಿ ನಿಚ್ಚಳವಾಗಿ ಕಂಡಿತು. ಲಾಡ್ಲೆಸಾಬ ಲಾಕಪ್ಪು ಸೇರಿದ. ಅವನ ಹೆಂಡತಿ ಮದೀನಾಬಿ ಠಾಣೆಯ ಬೇವಿನ ಮರದಡಿ ಕೂತಳು. ಕೋರ್ಟಿಗೆ ಕಳಿಸಿದರೆ ಗಂಡನಿಗೆ ಜೈಲೇ ಗತಿ.

* * *

ಕೋರ್ಟಿಗೆ ಕಳಿಸುವ ಮುನ್ನ ಠಾಣೆಯ ದೊಡ್ಡ ಸಾಹೇಬರು ಪಕ್ಕಾ ಪುರಾವೆ ಕೇಳಿದರು. ದೌಲತರಾಯ ನಕ್ಷೆ ಹಿಡಿದು ಗುಲಬರ್ಗಾಕ್ಕೆ ಹೋದ. ಟೆಲಿಫೋನ್ ಟವರು ಎಲ್ಲಿ ನಿಲ್ಲಿಸಿದರೆ ಯಾವ ಊರು ಕಾಣುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಇಂಜಿನಿಯರು ಶಿವಕಾಂತಾ ಅಲ್ಲಿದ್ದಳು. ಕಂಪ್ಯೂಟರಿನ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದ ಕಾಲ. ಅವಳು ನೆಲದ ಏರಿಳಿತವನ್ನು ಚೌಕ ಚೌಕವಾಗಿ ತುಂಬಿ, ದಿಬ್ಬದಿಂದ ಬಾವಿಗೆ ನೋಟ ಹಾಯಿಸಿದಳು. ಅಡ್ಡಿಯಿಲ್ಲ. ದೌಲತರಾಯ ಮೀಸೆ ತಿರುವಿದ.

“ಕಳುವಾದಾಗ ಹೊಲದಾಗ ಏನಿತ್ತರಿ?” ಎಂದಳು.

“ಜೋಳ ಇತ್ತರಿ. ಆದ್ರ ದಿಬ್ಬ ಎತ್ತರ ಅದ, ಮ್ಯಾಲಿಂದ ಕಂಡೇ ಕಾಣತದ.”

“ಅದನ್ನೂ ನೋಡೂಣು.”

ಜೋಳದ ಎತ್ತರವನ್ನು ನೆಲಕ್ಕೆ ಕೂಡಿಸಿದಳು. ಬಾವಿ ಮುಚ್ಚಿಹೋಯಿತು. ಆಮೇಲೆ ಪ್ರಶ್ನೆಯನ್ನೇ ತಿರುಗಿಸಿದಳು: ಎಲ್ಲಿ ನಿಂತರೆ ಆ ಬಾವಿ ಕಾಣುತ್ತದೆ? ಪರದೆ ತುಂಬ ಕಪ್ಪು, ಅಂದರೆ ಅಲ್ಲಿಂದ ಕಾಣದು. ಬಾವಿಯ ದಂಡೆ ಮತ್ತು ಅದಕ್ಕೆ ಅಂಟಿಕೊಂಡಿದ್ದ ಶಾಂತಲಿಂಗಪ್ಪನ ಕೊಟ್ಟಿಗೆ ಮಾತ್ರ ಬೆಳಗಿದವು.

* * *

ಕೊಟ್ಟಿಗೆಯಲ್ಲಿ ಒಣಜೋಳದ ದಂಟಿನ ಕಣಕಿಯಡಿ ಮೋಟಾರು ಸಿಕ್ಕಿತು. ಮೂಲೆಯ ಮಂಚಕ್ಕೆ ನವಾರವಿರಲಿಲ್ಲ.

“ನವಾರ ಖರೇ, ದಿಬ್ಬ ಸುಳ್ಳು,” ಎಂದ ದೌಲತರಾಯ. “ನವಾರದ ಮಾತು ಠಾಣೇದ ಹೊರಗ ಹೋಗಿರಲಿಲ್ಲ. ಅದು ಗೊತ್ತಿದ್ದಾಂವ ಬಾವಿ ದಂಡೀಗೇ ಇದ್ದ. ನೀ ದಿಬ್ಬ ಹತ್ತಿದ್ದು ಜೋಳ ಕೊಯ್ದು ರಾಶಿ ಆದಮ್ಯಾಲ ಅಲ್ಲೇನಲೇ?”

ಶಾಂತಲಿಂಗಪ್ಪ ಕಳವು ತನ್ನದೇ ಎಂದು ಒಪ್ಪಿಕೊಂಡ. ಸಾಕ್ಷಿ ಹೇಳುವ ಮುನ್ನ ದಿಬ್ಬ ಹತ್ತಿ ನೋಡಿಕೊಂಡಿದ್ದ. ಕಂಡದ್ದು ಕೊಯ್ದ ಹೊಲ.

ಲಾಡ್ಲೆಸಾಬ ಹೊರಬಂದ. ಮದೀನಾಬಿ ಕೈಮುಗಿದು, ಜೋಳದ ವಿಚಾರ ಹೇಗೆ ಹೊಳೆಯಿತೆಂದು ಕೇಳಿದಳು. ದೌಲತರಾಯ ಎದೆಯುಬ್ಬಿಸಿ, ಎಲ್ಲಾ ತನ್ನದೇ ತಲೆ, ಕಂಪ್ಯೂಟರಿಗೆ ಜೋಳದ ಎತ್ತರ ಹೇಳಿಕೊಟ್ಟವನೂ ತಾನೇ ಎಂದ.

“ಎಷ್ಟಂತ ಹೇಳಿದ್ರಿ?”

“ತೆಂಗಿನ ಮರದಷ್ಟು.”

“ಹಂಗಾದ್ರ ತೆನಿ ಮುರೀಲಿಕ್ಕ ನಿಚ್ಚಣಿಕಿ ಬೇಕಲ್ರಿ ಸಾಹೇಬರ.”

ಠಾಣೆಗೆ ಠಾಣೆಯೇ ನಕ್ಕಿತು. ಲಾಡ್ಲೆಸಾಬನೂ ನಕ್ಕ. ದೌಲತರಾಯ ಟೋಪಿ ತೆಗೆದು ಕೈಯಲ್ಲಿ ಹಿಡಿದ.

“ಖರೇ ಹೇಳ್ತೇನಿ ತಂಗಿ. ನಾ ಗುಲಬರ್ಗಾಕ್ಕ ಹೋಗಿದ್ದು ನಿನ್ನ ಗಂಡನ್ನ ಮುಳುಗಿಸಲಿಕ್ಕ. ಜೋಳ ನೆನಪು ಮಾಡಿದಾಕಿ ಶಿವಕಾಂತಾ ಮೇಡಂ. ನೀ ಗಂಡನ್ನ ಉಳಿಸಿಕೊಂಡಿ. ನಾ ಒಬ್ಬ ನಿರಪರಾಧಿನ ಜೈಲಿಗೆ ಹಾಕೋ ಪಾಪದಿಂದ ಉಳದೇನಿ. ಆಕೀಗೆ ಕೈ ಮುಗೀಲಿಕ್ಕ ನಾಳಿ ಬಸ್ಸಿಗೆ ಹೊಂಟೇನಿ. ಇಬ್ಬರೂ ಬರ್ರಿ, ಕೂಡೇ ಹೋಗೂಣು.”